ಕಾರ್ಪೆಟ್‌ನ ಅಡಿಯಲ್ಲಿ ಏನಿದೆ?

ಬಸವಕಲ್ಯಾಣದಿಂದ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರದು ಹಳೆಯ ಊರಿನ ಮನೆ. ನೆಲಕ್ಕೆ ಶಹಾಬಾದ್ ಫರಸಿ. ಚಳಿಗಾಲ ಬಂತೆಂದರೆ ಕಲ್ಲಿನ ಮೇಲೆ ಬರಿಗಾಲಿಡಲಾಗದಷ್ಟು ತಂಪು. ವಯಸ್ಸಾದ ಅತ್ತೆಗೆ ಮಂಡಿನೋವು. ಪತಿ ಸೌದಿಯಿಂದ ಬರುವಾಗ ಒಂದು ದೊಡ್ಡ ಕಾರ್ಪೆಟ್ ತಂದಿದ್ದಾರೆ. ಅದರ ಕೆಳಗೆ ದಪ್ಪನೆಯ ಫೋಮ್ ಹಾಕಿಸಿದರೆ ಮೆತ್ತಗೂ ಇರುತ್ತದೆ, ಬೆಚ್ಚಗೂ ಇರುತ್ತದೆ ಎಂದು ಬಂದವರೆಲ್ಲ ಹೇಳುತ್ತಿದ್ದಾರಂತೆ. ಯಾವ ಫೋಮ್ ಒಳ್ಳೆಯದು, ಎಷ್ಟು ದಪ್ಪದ್ದು, ಗೋಡೆಯಿಂದ ಗೋಡೆಗೆ ಅಂಟಿಸಬೇಕೇ ಅಥವಾ ಸುಮ್ಮನೆ ಹಾಸಬೇಕೇ ಎಂಬುದು ಅವರ ಪ್ರಶ್ನೆ.

ಪತ್ರ ಓದುತ್ತಿದ್ದಂತೆ ನನಗೆ ಹುಮನಾಬಾದಿನಲ್ಲಿರುವ ನನ್ನ ಖಾಲಾ ನೆನಪಾದರು.

ಖಾಲಾರ ಮಗ ಕೆಲವು ವರ್ಷಗಳ ಹಿಂದೆ ಹೊಸ ಮನೆ ಕಟ್ಟಿಸಿದ. ಮುಖ ಕಾಣುವಂಥ ನುಣುಪಾದ ಟೈಲ್ಸ್ ಹಾಕಿಸಿದ. ಗಲ್ಫ್‌ನಿಂದ ತಂದ ಕಾರ್ಪೆಟನ್ನು ಬೈಠಕ್‌ನಲ್ಲಿ ಹಾಸಲಾಯಿತು. ಅದರ ಕೆಳಗೆ ಏನೂ ಇರಲಿಲ್ಲ. ಒಂದು ಮುಂಜಾನೆ ಖಾಲಾ ಫಜ್ರ್ ನಮಾಝಿಗೆಂದು ಎದ್ದು ವುಝೂ ಮಾಡಿ ಬಂದರು. ಒದ್ದೆ ಕಾಲನ್ನು ಕಾರ್ಪೆಟ್‌ನ ಅಂಚಿನ ಮೇಲಿಟ್ಟರು. ಕಾರ್ಪೆಟ್ ಟೈಲ್ಸ್ ಮೇಲೆ ಸರ್ರನೆ ಸರಿಯಿತು. ಬಿದ್ದ ರಭಸಕ್ಕೆ ಸೊಂಟದ ಬಳಿ ತೊಡೆಯ ಮೂಳೆ ಮುರಿಯಿತು. ಕಲಬುರಗಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ಖಾಲಾ ಮತ್ತೆ ನಡೆದಾಡುವಂತಾದರು, ಆದರೆ ನೆಲದ ಮೇಲೆ ಕುಳಿತುಕೊಳ್ಳಲು ಇಂದಿಗೂ ಆಗುವುದಿಲ್ಲ. ನಮಾಝ್ ಕುರ್ಚಿಯ ಮೇಲೆ. ದಸ್ತರ್‌ಖಾನ್ ಹಾಸಿದಾಗ ಎಲ್ಲರೂ ಕೆಳಗೆ ಕುಳಿತರೆ ಅವರೊಬ್ಬರೇ ಮೇಲೆ.

ಇನ್ನೊಂದು ಮಾತನ್ನೂ ಹೇಳಬೇಕು. ಆ ದಿನಗಳಲ್ಲಿ ಮನೆಗೆ ಬಂದ ನೆಂಟರಲ್ಲಿ ಕೆಲವರು ಸೊಸೆಯನ್ನು ಕೇಳಿದರು, "ಕಾರ್ಪೆಟ್ ಹಾಸಿದವಳು ನೀನೇ ಅಲ್ಲವೇ?" ಹಗಲೂ ರಾತ್ರಿ ಅತ್ತೆಯ ಸೇವೆ ಮಾಡುತ್ತಿದ್ದವಳಿಗೆ ಈ ಮಾತು ಮುಳ್ಳಿನಂತೆ ಚುಚ್ಚಿತು. ಕೊನೆಗೆ ಖಾಲಾರೇ ಮಲಗಿದಲ್ಲಿಂದ ಹೇಳಿದರು, "ದುಲ್ಹನ್‌ದು ಏನು ತಪ್ಪು ಬೇಟಾ? ಕಾರ್ಪೆಟ್ ಜಾರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?"

ನಿಜ, ಯಾರಿಗೂ ಗೊತ್ತಿರಲಿಲ್ಲ. ನಾವು ಕಾರ್ಪೆಟ್‌ನ ಬಣ್ಣ ನೋಡುತ್ತೇವೆ, ಹೂವು ನೋಡುತ್ತೇವೆ, ಕೈಯಾಡಿಸಿ ನುಣುಪು ನೋಡುತ್ತೇವೆ. ಅದರ ಕೆಳಗೆ ಏನಿರಬೇಕೆಂದು ಕೇಳುವುದಿಲ್ಲ. ಕಾರ್ಪೆಟ್ ಹಾಸುವ ಮುನ್ನ ನೆಲದ ಮೇಲೆ ಹಾಕುವ ಹಾಸಿಗೆ ಅಂಗಡಿಯವರು ಅಂಡರ್‌ಲೇ ಎನ್ನುತ್ತಾರೆ. ನಾವು ಅಡಿಹಾಸು ಎನ್ನೋಣ. ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಕಾರ್ಪೆಟ್ ಜಾರದಂತೆ ಹಿಡಿಯುವುದು, ಕಲ್ಲಿನ ತಂಪು ಮೈಗೆ ಹತ್ತದಂತೆ ತಡೆಯುವುದು, ಮಂಡಿಗೆ ಆಸರೆ ಕೊಡುವುದು, ಕಾರ್ಪೆಟ್ ಬೇಗ ಸವೆಯದಂತೆ ಕಾಯುವುದು ಎಲ್ಲವೂ ಅದರ ಕೆಲಸ. ತಪ್ಪಾದ ಅಡಿಹಾಸು ಹಾಕಿದರೆ ಇಷ್ಟೇ ತೊಂದರೆಗಳನ್ನು ಅದೇ ತಂದಿಡುತ್ತದೆ.

ಹಿರಿಯರ ಹಾಸು

ಅಡಿಹಾಸು ನಮಗೆ ಹೊಸದೇನಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಬೈಠಕ್‌ಗೆ ಮೊದಲು ಈಚಲ ಚಾಪೆ, ಅದರ ಮೇಲೆ ಜಮಖಾನೆ, ಶಾದಿ ಸಮಾರಂಭವಿದ್ದರೆ ಎಲ್ಲಕ್ಕಿಂತ ಮೇಲೆ ಬಿಳಿಯ ಚಾಂದನಿ ಹಾಸುತ್ತಿದ್ದರು. ಮಲಗುವಲ್ಲಿ ಪಿಂಜಾರರು ಹತ್ತಿ ಹಿಂಜಿ ತುಂಬಿಕೊಟ್ಟ ಗಾದಿ ಅಥವಾ ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ. ಈ ಕ್ರಮದಲ್ಲಿ ಒಂದು ಜಾಣತನವಿತ್ತು. ಎಲ್ಲವೂ ಗಾಳಿಯಾಡುವ ವಸ್ತುಗಳು. ಎಲ್ಲವನ್ನೂ ಎತ್ತಿ ಒದರಿ ಬಿಸಿಲಿಗೆ ಹಾಕಬಹುದಿತ್ತು. ಒರಟಾದ ಕಲ್ಲಿನ ನೆಲದ ಮೇಲೆ ಅವು ಜಾರುತ್ತಲೂ ಇರಲಿಲ್ಲ.

ಜಮಖಾನೆಯ ಮಾತು ಬಂದಾಗ ಧಾರವಾಡ ಜಿಲ್ಲೆಯ ನವಲಗುಂದವನ್ನು ನೆನೆಯದಿರಲಾಗದು. ಅಲ್ಲಿನ ಜಮಖಾನೆಗಳನ್ನು ನೇಯುವವರು ಮುಸ್ಲಿಮ್ ಮಹಿಳೆಯರು. ಬಿಜಾಪುರದಿಂದ ಬಂದು ನೆಲೆಸಿದ ಕುಟುಂಬಗಳು ಆ ಕಲೆಯನ್ನು ತಲೆಮಾರುಗಳಿಂದ ಮನೆಯೊಳಗೇ ಉಳಿಸಿಕೊಂಡು ಬಂದಿವೆ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿ ನೂಲಿನಿಂದ ದೊಡ್ಡ ಜಮಖಾನೆ, ನಮಾಝಿಗೆ ಜಾನಮಾಝ್, ದನಗಳ ಬೆನ್ನಿಗೆ ಹೊದಿಸುವ ಗುಡಾರ ನೇಯುತ್ತಾರೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ನೇಯುವ ಕೈಗಳು ಕಡಿಮೆಯಾಗುತ್ತಿವೆ. ಇಂಥ ಒಂದು ಹತ್ತಿಯ ಜಮಖಾನೆ ಮನೆಯಲ್ಲಿದ್ದರೆ ಅದನ್ನು ಅಟ್ಟಕ್ಕೆ ಹಾಕಬೇಡಿ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಮೊದಲು ನೆಲವನ್ನು ಪರೀಕ್ಷಿಸಿ

ಅಂಗಡಿಗೆ ಹೋಗುವ ಮುನ್ನ ನಿಮ್ಮ ಮನೆಯ ನೆಲ ಎಂಥದ್ದೆಂದು ತಿಳಿಯಬೇಕು. ಬಸವಕಲ್ಯಾಣ, ಹುಮನಾಬಾದ್ ಕಡೆ ಸಾಮಾನ್ಯವಾಗಿ ಎರಡು ಬಗೆಯ ನೆಲಗಳಿವೆ.

ಒಂದು ಶಹಾಬಾದ್ ಫರಸಿ. ಕಲಬುರಗಿ ಜಿಲ್ಲೆಯ ಶಹಾಬಾದ್‌ನಿಂದಲೇ ಹೆಸರು ಪಡೆದ ಈ ಕಲ್ಲು ಸುಣ್ಣಕಲ್ಲಿನ ಜಾತಿಗೆ ಸೇರಿದ್ದು. ಹಳೆಯ ಮನೆಗಳಲ್ಲಿ ಮಣ್ಣು ಅಥವಾ ಮುರುಮ್ ತುಂಬಿ, ಗಟ್ಟಿ ಮಾಡಿ, ಅದರ ಮೇಲೆ ನೇರವಾಗಿ ಫರಸಿ ಕೂರಿಸಿರುತ್ತಾರೆ. ನೆಲದಡಿಯ ತೇವ ಮೇಲೇರದಂತೆ ತಡೆಯುವ ಪದರ ಇರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಕಲ್ಲಿನ ಸಂದುಗಳಿಂದ ಪಸೆ ಮೇಲೆ ಬರುತ್ತದೆ. ಬರಿ ನೆಲವಾದರೆ ಅದು ಗಾಳಿಗೆ ಆರಿಹೋಗುತ್ತದೆ, ನಮ್ಮ ಗಮನಕ್ಕೂ ಬರುವುದಿಲ್ಲ. ಮೇಲೆ ಫೋಮ್ ಅಥವಾ ರಬ್ಬರ್ ಹಾಕಿ ಮುಚ್ಚಿದರೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಮುಗ್ಗಲು ವಾಸನೆ, ನಂತರ ಬೂಷ್ಟು.

ಇನ್ನೊಂದು ಹೊಸ ಮನೆಗಳ ನುಣುಪಾದ ಟೈಲ್ಸ್ ಅಥವಾ ಪಾಲಿಶ್ ಮಾಡಿದ ಗ್ರಾನೈಟ್. ಇಲ್ಲಿ ತೇವದ ಭಯ ಕಡಿಮೆ, ಜಾರುವ ಭಯ ಹೆಚ್ಚು.

ತೇವ ಇದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲದ ಉಪಾಯವಿದೆ. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲದ ಮೇಲಿಟ್ಟು ನಾಲ್ಕೂ ಅಂಚುಗಳಿಗೆ ಗಾಳಿ ಹೋಗದಂತೆ ಟೇಪ್ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಡಿ. ಬಿಚ್ಚಿ ನೋಡಿದಾಗ ಹಾಳೆಯ ಒಳಬದಿಯಲ್ಲಿ ಬೆವರಿನಂತೆ ಹನಿಗಳಿದ್ದರೆ ಅಥವಾ ಆ ಜಾಗದ ಕಲ್ಲು ಕಪ್ಪಾಗಿದ್ದರೆ ಕೆಳಗಿನಿಂದ ತೇವ ಬರುತ್ತಿದೆ ಎಂದರ್ಥ. ಕೋಣೆಯ ನಡುವೆ ಒಂದು ಕಡೆ, ಹೊರಗೋಡೆಯ ಬಳಿ ಇನ್ನೊಂದು ಕಡೆ ಹೀಗೆ ಮಾಡಿ. ಬೇಸಿಗೆಯಲ್ಲಿ ಮಾಡಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಜುಲೈ ಅಥವಾ ಆಗಸ್ಟ್‌ನಲ್ಲಿ, ನಾಲ್ಕು ದಿನ ಮಳೆ ಹಿಡಿದಾಗ ಮಾಡಿ.

ಅಂಗಡಿಯಲ್ಲಿ ಏನೇನು ಸಿಗುತ್ತದೆ?

ಜಾಲರಿ ಮ್ಯಾಟ್: ಬಲೆಯಂತೆ ರಂಧ್ರಗಳಿರುವ, ಕೈಗೆ ಅಂಟಿದಂತೆನಿಸುವ ತೆಳು ಹಾಳೆ. ಇದರಿಂದ ಮೆತ್ತನೆ ಸಿಗುವುದಿಲ್ಲ, ಬೆಚ್ಚಗೂ ಆಗುವುದಿಲ್ಲ. ಆದರೆ ಟೈಲ್ಸ್ ಮೇಲೆ ಕಾರ್ಪೆಟನ್ನು ಬಿಗಿಯಾಗಿ ಹಿಡಿಯುತ್ತದೆ. ಬೆಲೆಯೂ ಕಡಿಮೆ. ಖಾಲಾರ ಮನೆಯ ಕಾರ್ಪೆಟ್‌ನ ಕೆಳಗೆ ಇದೊಂದಿದ್ದರೂ ಬಹುಶಃ ಅಂದು ಅವರು ಬೀಳುತ್ತಿರಲಿಲ್ಲ. ತೀರಾ ಅಗ್ಗದ್ದು ನಮ್ಮ ಮೇ ತಿಂಗಳ ಸೆಕೆಗೆ ನೆಲಕ್ಕೆ ಅಂಟಿಕೊಂಡು ಕಲೆ ಬಿಡುತ್ತದೆ. ಆದ್ದರಿಂದ ಮೊದಲು ಒಂದು ಅಂಗೈಯಗಲದ ತುಂಡನ್ನು ಮೂಲೆಯಲ್ಲಿಟ್ಟು, ಮೇಲೆ ಭಾರವಿಟ್ಟು ಕೆಲವು ವಾರ ನೋಡಿ.

ಫೆಲ್ಟ್: ಸೆಣಬು, ಉಣ್ಣೆ ಅಥವಾ ಹಳೆ ಬಟ್ಟೆಯ ನಾರನ್ನು ಒತ್ತಿ ಮಾಡಿದ ಕಂಬಳಿಯಂಥ ಹಾಸು. ಗಟ್ಟಿಯಾಗಿರುತ್ತದೆ, ಗಾಳಿಯಾಡುತ್ತದೆ, ತಂಪನ್ನು ಚೆನ್ನಾಗಿ ತಡೆಯುತ್ತದೆ, ಬೇಗ ಚಪ್ಪಟೆಯಾಗುವುದಿಲ್ಲ. ಮಂಡಿಯೂರಿ ಕೂರುವವರಿಗೆ ಇದು ಒಳ್ಳೆಯದು. ನುಣುಪಾದ ಟೈಲ್ಸ್ ಮೇಲೆ ಬರಿಯ ಫೆಲ್ಟ್ ಜಾರುತ್ತದೆ. ಅಂಥಲ್ಲಿ ಕೆಳಬದಿಗೆ ರಬ್ಬರ್ ಹಚ್ಚಿದ ಫೆಲ್ಟ್ ಬೇಕು. ತೇವದ ನೆಲದ ಮೇಲೆ ವರ್ಷಗಟ್ಟಲೆ ಬಿಟ್ಟರೆ ಸೆಣಬು ಕೊಳೆಯುತ್ತದೆ. ಉಣ್ಣೆಯಾದರೆ ನುಸಿ ಹಿಡಿಯುತ್ತದೆ.

ಫೋಮ್: ಗಾದಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಇದೇ. ಕೈಯಿಂದ ಒತ್ತಿದಾಗ ಹಾಯೆನಿಸುತ್ತದೆ. ಆದರೆ ಹಗುರವಾದ ಫೋಮ್ ಜನ ಓಡಾಡುವ ಜಾಗದಲ್ಲಿ ಕೆಲವೇ ತಿಂಗಳಲ್ಲಿ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಫೋಮ್ ತುಣುಕುಗಳನ್ನು ಒತ್ತಿ ಅಂಟಿಸಿ ಮಾಡಿದ, ಬಣ್ಣಬಣ್ಣದ ಚುಕ್ಕೆಗಳಿರುವ ರೀಬಾಂಡೆಡ್ ಫೋಮ್ ಹೆಚ್ಚು ಬಾಳುತ್ತದೆ. ಟಿವಿ, ಫ್ರಿಜ್ ಪ್ಯಾಕ್ ಮಾಡಿ ಬರುವಂಥ ಬಿಳಿಯ ತೆಳು ಹಾಳೆಯನ್ನು ಅಡಿಹಾಸೆಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಬೇಗ ಚಪ್ಪಟೆಯಾಗುತ್ತದೆ, ಟೈಲ್ಸ್ ಮೇಲೆ ತಾನೇ ಜಾರುತ್ತದೆ.

ರಬ್ಬರ್: ಭಾರವಾದದ್ದು, ಜಾರುವುದಿಲ್ಲ, ಬಹುಕಾಲ ಬರುತ್ತದೆ. ಹೊಸದರಲ್ಲಿ ವಾಸನೆ ಇರುವುದರಿಂದ ಎರಡು ಮೂರು ದಿನ ಗಾಳಿಗೆ ಹರಡಿ ನಂತರ ಹಾಸಬೇಕು. ಹಳತಾದಾಗ ಪುಡಿಪುಡಿಯಾಗಿ ಉದುರುತ್ತದೆ. ತೇವ ಬರುವ ನೆಲಕ್ಕೆ ಇದು ಬೇಡವೇ ಬೇಡ.

ದಪ್ಪಕ್ಕಿಂತ ಗಟ್ಟಿತನ ಮುಖ್ಯ

ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಅಡಿಹಾಸು ದಪ್ಪವಾದಷ್ಟೂ ಒಳ್ಳೆಯದು, ಮೆತ್ತಗಿದ್ದಷ್ಟೂ ಮಂಡಿಗೆ ಹಿತ ಎಂದು. ಇದು ಸರಿಯಲ್ಲ. ಮೆತ್ತನೆಯ ದಪ್ಪ ಫೋಮ್ ಮೇಲೆ ಕಾರ್ಪೆಟ್ ಹಾಸಿದರೆ ಪ್ರತಿ ಹೆಜ್ಜೆಗೂ ಕಾರ್ಪೆಟ್ ಒಳಗೆ ಕುಸಿದು ಬಗ್ಗುತ್ತದೆ. ಹೀಗೆ ಬಗ್ಗಿ ಬಗ್ಗಿ ಅದರ ಹಿಂಬದಿ ಸಡಿಲವಾಗುತ್ತದೆ. ವಯಸ್ಸಾದವರ ಪಾದ ಅದರ ಮೇಲೆ ಸ್ಥಿರವಾಗಿ ನಿಲ್ಲುವುದಿಲ್ಲ. ಕೋಲೂರಿ ನಡೆಯುವವರ ಕೋಲು ಹುಗಿಯುತ್ತದೆ. ಅಂಚು ಎತ್ತರವಾಗುವುದರಿಂದ ಕಾಲು ತಾಗಿ ಎಡವುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಅಂಚು ಎಲ್ಲಿದೆಯೆಂದೇ ತಿಳಿಯುವುದಿಲ್ಲ.

ನಮಾಝಿನ ದೃಷ್ಟಿಯಿಂದಲೂ ಯೋಚಿಸಿ. ಸುಜೂದ್‌ನಲ್ಲಿ ಹಣೆ ಗಟ್ಟಿಯಾಗಿ ಊರಬೇಕು, ಹಾಸಿನ ಮೆತ್ತನೆಯಲ್ಲಿ ತೇಲಬಾರದು. ಒತ್ತಿದಾಗ ಸ್ವಲ್ಪ ಬಗ್ಗಿ ಆಮೇಲೆ ಗಟ್ಟಿಯಾಗಿ ನಿಲ್ಲುವ ಹಾಸೇ ಹಣೆಗೂ ಮಂಡಿಗೂ ಒಳ್ಳೆಯದು.

ಹಾಗಾದರೆ ಎಷ್ಟು ದಪ್ಪ? ನೆಲದ ಮೇಲೆ ಬಿಡಿಯಾಗಿ ಹಾಸುವ ಕಾರ್ಪೆಟ್‌ಗೆ 3ರಿಂದ 6 ಮಿಲಿಮೀಟರ್ ಸಾಕು. ಮಂಡಿನೋವಿನವರು ಕೂರುವ ಜಾಗಕ್ಕೆ ಗಟ್ಟಿ ಫೆಲ್ಟ್ ಆದರೆ 8 ಮಿಲಿಮೀಟರ್ ತನಕ ಹೋಗಬಹುದು. ಇಡೀ ಕೋಣೆಗೆ ಹಾಸಿದರೂ 11 ಮಿಲಿಮೀಟರ್ ಮೀರಬಾರದು. ಫೋಮ್ ಕೊಳ್ಳುವುದಾದರೆ ಅದರ ಸಾಂದ್ರತೆ ಕೇಳಿ. ಒಂದು ಘನ ಮೀಟರಿಗೆ 90ರಿಂದ 100 ಕಿಲೋ ಇರುವುದು ಮನೆಯ ಓಡಾಟಕ್ಕೆ ತಡೆಯುತ್ತದೆ. ಅಂಗಡಿಯವರಿಗೆ ಸಾಂದ್ರತೆ ಗೊತ್ತಿಲ್ಲದಿದ್ದರೆ ನಿಮ್ಮ ಹೆಬ್ಬೆರಳೇ ಅಳತೆ. ತುಂಡನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಜೋರಾಗಿ ಅದುಮಿ. ಎರಡು ಬೆರಳು ಒಂದಕ್ಕೊಂದು ತಾಗಿದಂತೆನಿಸಿದರೆ ಅದು ಮೂರು ದಿನದ ಮಾಲು. ಬೆರಳಿಗೆ ಎದುರೊತ್ತು ಕೊಟ್ಟು, ಬಿಟ್ಟ ತಕ್ಷಣ ಮೊದಲಿನಂತಾದರೆ ಕೊಳ್ಳಬಹುದು.

ಹಾಸುವ ಕ್ರಮ

ಬಿಡಿ ಕಾರ್ಪೆಟ್ ಹಾಸಲು ಕೆಲಸದವರನ್ನು ಕರೆಯಬೇಕಾಗಿಲ್ಲ. ಮನೆಯ ಇಬ್ಬರು ಹೆಂಗಸರು ಸೇರಿದರೆ ಅರ್ಧ ಗಂಟೆಯ ಕೆಲಸ.

ನೆಲ ಗುಡಿಸಿ ಬರಿ ನೀರಿನಿಂದ ಒರೆಸಿ. ಸಾಬೂನು ಅಥವಾ ಫಿನೈಲ್ ಜಿಡ್ಡು ಉಳಿದರೆ ಅಡಿಹಾಸು ಹಿಡಿಯುವುದಿಲ್ಲ. ಪೂರ್ತಿ ಒಣಗಲಿ.

ಸುರುಳಿಯಾಗಿ ಬಂದ ಅಡಿಹಾಸನ್ನು ಒಂದು ದಿನ ಬಿಡಿಸಿ ಹರಡಿಡಿ. ಮಡಿಕೆ ಉಳಿದಿರುವಾಗಲೇ ಕತ್ತರಿಸಿದರೆ ಅಳತೆ ತಪ್ಪುತ್ತದೆ.

ಅಡಿಹಾಸು ಕಾರ್ಪೆಟ್‌ಗಿಂತ ಪ್ರತಿ ಬದಿಗೆ ಒಂದು ಇಂಚು ಚಿಕ್ಕದಿರಲಿ. ನಿಮ್ಮ ಕಾರ್ಪೆಟ್ 6 ಅಡಿಗೆ 9 ಅಡಿ ಇದ್ದರೆ ಅಡಿಹಾಸನ್ನು 5 ಅಡಿ 10 ಇಂಚು ಅಗಲಕ್ಕೆ, 8 ಅಡಿ 10 ಇಂಚು ಉದ್ದಕ್ಕೆ ಕತ್ತರಿಸಿ. ಆಗ ಕಾರ್ಪೆಟ್‌ನ ಅಂಚು ಇಳಿಜಾರಾಗಿ ನೆಲಕ್ಕೆ ತಾಗುತ್ತದೆ, ಎಡವುವಂತೆ ಎದ್ದು ನಿಲ್ಲುವುದಿಲ್ಲ. ಕುಚ್ಚಿನ ಅಳತೆಯನ್ನು ಸೇರಿಸಬೇಡಿ.

ಎರಡು ತುಂಡು ಜೋಡಿಸಬೇಕಾದರೆ ಅಂಚಿಗೆ ಅಂಚು ತಾಗಿಸಿ ಅಗಲ ಟೇಪ್ ಹಾಕಿ. ಒಂದರ ಮೇಲೊಂದು ಬರಬಾರದು. ಜೋಡಣೆ ಓಡಾಟದ ದಾರಿಯಲ್ಲಿ ಬಾರದಂತೆ ನೋಡಿ.

ಬಾಗಿಲು ಒಳಗೆ ತೆರೆಯುವುದಾದರೆ ಕೆಳಗಿನ ಸಂದನ್ನು ಮೊದಲೇ ಅಳೆಯಿರಿ. 10 ಮಿಲಿಮೀಟರ್ ಕಾರ್ಪೆಟ್, 6 ಮಿಲಿಮೀಟರ್ ಅಡಿಹಾಸು ಸೇರಿದರೆ ಅರ್ಧ ಇಂಚಿಗಿಂತ ಹೆಚ್ಚಾಯಿತು. ಬಾಗಿಲು ತಾಗಿ ಪ್ರತಿ ಬಾರಿ ಅಂಚನ್ನು ಮಡಚಿದರೆ ಅಲ್ಲೇ ಯಾರಾದರೂ ಬೀಳುತ್ತಾರೆ.

ಅಡಿಹಾಸು ಹರಡಿದ ಮೇಲೆ ಕಾರ್ಪೆಟನ್ನು ಸುರುಳಿ ಬಿಡಿಸುತ್ತಾ ಹಾಸಿ, ನಡುವಿನಿಂದ ಹೊರಕ್ಕೆ ಕೈಯಿಂದ ಒತ್ತಿ. ಮೂಲೆಗಳು ಮೇಲೆ ಮಡಚಿಕೊಂಡಿದ್ದರೆ ವಿರುದ್ಧ ದಿಕ್ಕಿಗೆ ಸುತ್ತಿ ರಾತ್ರಿಯಿಡೀ ಭಾರವಿಡಿ. ಕೊನೆಗೆ ಪರೀಕ್ಷೆ. ಚಪ್ಪಲಿ ಬಿಟ್ಟು ಅಂಚಿನ ಮೇಲೆ ಪಾದವಿಟ್ಟು ಮುಂದಕ್ಕೆ ತಳ್ಳಿ ನೋಡಿ. ಒಂದಿಷ್ಟು ಸರಿದರೂ ಆ ಹಾಸು ಅಲ್ಲಿಗೆ ಸಲ್ಲದು.

ಇನ್ನೊಂದು ಮುಖ್ಯ ವಿಷಯ. ಕೆಲವು ಫೋಮ್ ಅಡಿಹಾಸುಗಳ ಒಂದು ಬದಿಗೆ ನುಣುಪಾದ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅವು ಗೋಡೆಯಿಂದ ಗೋಡೆಗೆ ಬಿಗಿದು ಹಾಸುವ ಕಾರ್ಪೆಟ್‌ಗೆಂದು ಮಾಡಿದವು. ಬಿಡಿ ಕಾರ್ಪೆಟ್ ಆ ಪೊರೆಯ ಮೇಲೆ ಜಾರುತ್ತದೆ. ಅಂಥದ್ದು ನಮಗೆ ಬೇಡ.

ಗೋಡೆಯಿಂದ ಗೋಡೆಗೆ ಹಾಸುವುದಾದರೆ

ಇದು ನುರಿತವರ ಕೆಲಸ. ಗೋಡೆಯ ಸುತ್ತ ಚೂಪು ಮೊಳೆಗಳಿರುವ ಮರದ ಪಟ್ಟಿ ಬಡಿಯುತ್ತಾರೆ. ಗೋಡೆಗೂ ಪಟ್ಟಿಗೂ ನಡುವೆ ಕಾರ್ಪೆಟ್‌ನ ದಪ್ಪಕ್ಕಿಂತ ತುಸು ಕಡಿಮೆ ಜಾಗ ಬಿಡಬೇಕು. ಅಡಿಹಾಸು ಪಟ್ಟಿಯ ಅಂಚಿನವರೆಗೆ ಮಾತ್ರ ಬರಬೇಕು, ಪಟ್ಟಿಯ ಮೇಲೆ ಹತ್ತಬಾರದು. ಪೊರೆ ಇದ್ದರೆ ಅದು ಮೇಲ್ಬದಿಗಿರಬೇಕು. ಅಡಿಹಾಸಿನ ಜೋಡಣೆ, ಕಾರ್ಪೆಟ್‌ನ ಜೋಡಣೆ ಒಂದೇ ಜಾಗದಲ್ಲಿ ಬರಬಾರದು. ಕಾರ್ಪೆಟನ್ನು ಸಾಧನದಿಂದ ಎಳೆದು ಮೊಳೆಗಳಿಗೆ ಸಿಕ್ಕಿಸಬೇಕು. ಎಳೆಯದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ನಡುವೆ ಅಲೆಯೇಳುತ್ತದೆ. ನಿಮ್ಮ ಮನೆಯಲ್ಲಿ ಮಾಡಿಸುವುದಾದರೆ ಪಕ್ಕದಲ್ಲೇ ನಿಂತು ಇಷ್ಟನ್ನು ನೋಡಿಕೊಳ್ಳಿ.

ಆದರೆ ನಮ್ಮ ಕಡೆಯ ಮನೆಗಳಿಗೆ ಇದನ್ನು ನಾನು ಹೇಳುವುದಿಲ್ಲ. ಫರಸಿಗೆ ಮೊಳೆ ಹೊಡೆದರೆ ಕಲ್ಲಿನ ಅಂಚು ಒಡೆಯುತ್ತದೆ, ಟೈಲ್ಸ್ ಸೀಳುತ್ತದೆ. ಬೇಸಿಗೆಯ ಧೂಳೆಲ್ಲ ಒಳಗೆ ಸೇರಿ ಅಲ್ಲೇ ಉಳಿಯುತ್ತದೆ. ಎತ್ತಿ ಬಿಸಿಲಿಗೆ ಹಾಕುವಂತಿಲ್ಲ. ಹೊರಗೆ ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ತಂಪಾದ ಫರಸಿಯೇ ನಮಗೆ ಸುಖ. ಆಗ ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಮಕ್ಕಳಿರುವ ಮನೆ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಚಿಂತೆ. ಮಗು ಮೂತ್ರ ಮಾಡಿದರೆ ಕಾರ್ಪೆಟನ್ನು ಹೇಗಾದರೂ ತೊಳೆಯಬಹುದು. ಫೋಮ್ ಒಳಗೆ ಇಳಿದದ್ದನ್ನು ತೆಗೆಯುವುದು ಕಷ್ಟ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಾಗೆಯೇ ಇರುತ್ತದೆ. ಅದೇ ಜಾಗದಲ್ಲಿ ನಾವು ನಮಾಝ್ ಮಾಡುತ್ತೇವೆ. ಪಾಕ್ ಇದೆಯೋ ಇಲ್ಲವೋ ಎಂಬ ಸಂಶಯ ಮನಸ್ಸಿನಲ್ಲಿ ಉಳಿದರೆ ನೆಮ್ಮದಿ ಎಲ್ಲಿ? ಆದ್ದರಿಂದ ಮಗು ಮೂತ್ರದ ಹಿಡಿತ ಕಲಿಯುವವರೆಗೆ ಫೋಮ್ ಬೇಡ. ಜಾಲರಿ ಮ್ಯಾಟ್ ಹಾಕಿ, ಮೇಲೆ ಒಗೆಯಬಹುದಾದ ಹತ್ತಿಯ ಜಮಖಾನೆ ಹಾಸಿ. ಜಮಖಾನೆಯನ್ನು ಅಟ್ಟಕ್ಕೆ ಹಾಕಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ದಮ್ಮು, ಅಲರ್ಜಿ ಇರುವವರಿದ್ದರೂ ಹೀಗೆಯೇ ಮಾಡಿ. ಅಡಿಹಾಸಿನಲ್ಲಿ ಕೂತ ಧೂಳು, ಧೂಳಿನ ಹುಳುಗಳು, ಬೂಷ್ಟು ಉಬ್ಬಸವನ್ನು ಕೆರಳಿಸುತ್ತವೆ. ಅವರು ಮಲಗುವ ಕೋಣೆಯ ನೆಲ ಬರಿದಾಗಿರುವುದೇ ಉತ್ತಮ.

ಬೆಂಕಿಯ ಬಗ್ಗೆಯೂ ಎಚ್ಚರವಿರಲಿ. ಫೋಮ್‌ಗೆ ಬೆಂಕಿ ತಗಲಿದರೆ ಬೇಗ ಹಬ್ಬುತ್ತದೆ, ವಿಷದ ಹೊಗೆ ಬಿಡುತ್ತದೆ. ಸೊಳ್ಳೆ ಬತ್ತಿ, ಊದುಬತ್ತಿ, ಲೋಬಾನದ ಕೆಂಡ, ಚಳಿಗಾಲದ ಕರೆಂಟ್ ಹೀಟರ್ ಯಾವುದನ್ನೂ ಕಾರ್ಪೆಟ್ ಮೇಲಿಡಬಾರದು. ಕರೆಂಟಿನ ವಯರನ್ನು ಕಾರ್ಪೆಟ್ ಕೆಳಗೆ ಹಾಯಿಸಬಾರದು.

ಬಿದ್ದ ಮೇಲೆ ಅಲ್ಲ, ಮೊದಲೇ

ಬೀಳುವುದೆಂದರೆ ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನೀಡಿದ ಮಾಹಿತಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6 ಲಕ್ಷ 84 ಸಾವಿರ ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೆ. ಹೆಚ್ಚಿನವರು ವಯಸ್ಸಾದವರು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುವುದರಿಂದ ಅವರಿಗೆ ಸಣ್ಣ ಬೀಳುವಿಕೆಯಿಂದಲೂ ಮೂಳೆ ಮುರಿಯುತ್ತದೆ.

ಆದ್ದರಿಂದ ಹಿರಿಯರು ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಯಾವುದೇ ಬಿಡಿ ಹಾಸು ಇರಬಾರದು, ಅಡಿಹಾಸು ಎಷ್ಟೇ ಚೆನ್ನಾಗಿರಲಿ. ವುಝೂ ಮಾಡಿ ಹೊರಬರುವಲ್ಲಿ ರಬ್ಬರ್ ತಳದ ಕಾಲೊರೆಸು ಇರಲಿ, ಕಾಲು ಒರೆಸಿಯೇ ಮುಂದೆ ಹೋಗಲಿ. ಟೈಲ್ಸ್ ಮೇಲೆ ಹಾಸುವ ಮುಸಲ್ಲಾ ಕೂಡ ಜಾರುತ್ತದೆ. ಅದರ ಅಳತೆಗೆ ಒಂದು ತುಂಡು ಜಾಲರಿ ಮ್ಯಾಟ್ ಕತ್ತರಿಸಿ ಕೆಳಗಿಡಿ.

ಜಾಲರಿಗೆ ಧೂಳು ಹಿಡಿದರೆ ಹಿಡಿತ ಹೋಗುತ್ತದೆ. ಆರು ತಿಂಗಳಿಗೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಿ. ಹಿಡಿತ ಮರಳದಿದ್ದರೆ ಹೊಸದನ್ನು ತನ್ನಿ. ಕಾರ್ಪೆಟ್ ಹತ್ತು ವರ್ಷ ಬಂದರೂ ಅದರ ಅಡಿಹಾಸು ಅಷ್ಟು ಬರುವುದಿಲ್ಲ.

ಬಸವಕಲ್ಯಾಣದ ಸಹೋದರಿಗೆ

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮದು ಹಳೆಯ ಫರಸಿಯ ನೆಲ. ದಪ್ಪ ಫೋಮ್ ಹಾಕಿಸಬೇಡಿ, ಗೋಡೆಯಿಂದ ಗೋಡೆಗೆ ಅಂಟಿಸಲೂ ಬೇಡಿ. ಮಳೆಗಾಲ ಪೂರ್ತಿ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೆಲ ಒಣಗಿದ್ದರೆ ಹಾಸಿ. ಅತ್ತೆಯವರು ಕೂರುವ, ನಮಾಝ್ ಮಾಡುವ ಜಾಗಕ್ಕೆ 6ರಿಂದ 8 ಮಿಲಿಮೀಟರಿನ ಗಟ್ಟಿ ಫೆಲ್ಟ್ ತನ್ನಿ. ನಿಮ್ಮಲ್ಲಿ ಸಿಗದಿದ್ದರೆ ಕಲಬುರಗಿ ಅಥವಾ ಹೈದರಾಬಾದಿಗೆ ಹೋದವರ ಕೈಲಿ ತರಿಸಿ. ಅದೂ ಆಗದಿದ್ದರೆ ಚಿಂತೆಯಿಲ್ಲ, ಮನೆಯಲ್ಲಿರುವ ಹಳೆಯ ಕೌದಿಯನ್ನೇ ಕಾರ್ಪೆಟ್ ಕೆಳಗೆ ಸುಕ್ಕಿಲ್ಲದಂತೆ ಹಾಸಿ. ಒರಟು ಫರಸಿಯ ಮೇಲೆ ಕೌದಿ ನಿಲ್ಲುತ್ತದೆ, ತಂಪು ತಡೆಯುತ್ತದೆ, ಒಗೆದರೆ ಪಾಕ್ ಆಗುತ್ತದೆ. ನಿಮ್ಮ ಫರಸಿ ಸವೆದು ನುಣುಪಾಗಿದ್ದರೆ ಮಾತ್ರ ಅದರ ಕೆಳಗೂ ಜಾಲರಿ ಮ್ಯಾಟ್ ಬೇಕು. ಪಾದದಿಂದ ತಳ್ಳಿ ನೋಡಿದರೆ ತಿಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಅಂಚೆತ್ತಿ ಕೆಳಗೆ ಕೈಯಿಟ್ಟು ನೋಡಿ, ತೇವ ತಾಗಿದರೆ ಬಿಸಿಲಿಗೆ ಹಾಕಿ. ಬೇಸಿಗೆ ಬಂದಾಗ ಎಲ್ಲವನ್ನೂ ಎತ್ತಿ, ಒದರಿ, ಚೆನ್ನಾಗಿ ಒಣಗಿಸಿ, ಒಣ ಬೇವಿನೆಲೆ ಹಾಕಿ ಸುತ್ತಿಡಿ. ಮಳೆಗಾಲದಲ್ಲಿ ಮತ್ತೆ ಹಾಸಬೇಡಿ.

ಇಷ್ಟು ಮಾಡಲು ನಿಮಗೆ ಹೆಚ್ಚು ಖರ್ಚಾಗದು. ಒಂದು ವೇಳೆ ಖರ್ಚಾದರೂ ಅದು ಮನೆಯ ಅಲಂಕಾರಕ್ಕೆ ಹೋದ ಹಣವಲ್ಲ. ಹುಮನಾಬಾದಿನ ಖಾಲಾರ ಮನೆಯಲ್ಲಿ ಅದೇ ಕಾರ್ಪೆಟ್ ಈಗಲೂ ಇದೆ. ಅದರ ಕೆಳಗೆ ಈಗ ರಬ್ಬರ್ ತಳದ ಫೆಲ್ಟ್ ಇದೆ. ಮೊನ್ನೆ ಹೋಗಿದ್ದಾಗ ಖಾಲಾ ಕುರ್ಚಿಯಲ್ಲಿ ಕುಳಿತು ಕೋಲಿನ ತುದಿಯಿಂದ ಕಾರ್ಪೆಟ್‌ನ ಅಂಚನ್ನು ತಳ್ಳಿ ನನಗೆ ತೋರಿಸಿದರು. ಅದು ಕದಲಲಿಲ್ಲ. "ಮೊದಲೇ ಹಾಕಿದ್ದರೆ ನಾನೂ ಇದರ ಮೇಲೆ ಕೂರುತ್ತಿದ್ದೆ" ಎಂದರು. ಸೊಸೆ ಮಾತಾಡಲಿಲ್ಲ, ಅತ್ತೆಯ ಕಾಲ ಮೇಲೆ ರಜಾಯಿ ಸರಿಮಾಡಿದಳು.

ಸಹೋದರಿಯರೇ, ಇಂದು ಈ ಪುಟ ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಮನೆಯ ಹಾಸುಗಳ ಅಂಚನ್ನು ಪಾದದಿಂದ ಒಮ್ಮೆ ತಳ್ಳಿ ನೋಡಿ. ಅದು ಜಾರಿದರೆ, ಅಡಿಹಾಸು ತರುವವರೆಗೆ ಸುತ್ತಿ ಮೂಲೆಗಿಡಿ.